ಐವತ್ತಕ್ಕೊಂದರ ಟೀಚರ್

ಟೀಚರ ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲು ಇರುತ್ತಿತ್ತು. ಸೊಂಟದಲ್ಲಿ, ಬೇರೆ ಹೆಂಗಸರು ಬೀಗದ ಕೈ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಸಣ್ಣದೊಂದು ಸ್ಟೀಲ್ ಸ್ಕೇಲು. ಬಗ್ಗಿದಾಗೆಲ್ಲ ಅದು ಚುಚ್ಚುತ್ತಿತ್ತು. "ಅಯ್ಯಬ್ಬ" ಎಂದು ಸ್ಕೇಲಿಗೇ ಬೈಯುತ್ತಿದ್ದರೇ ಹೊರತು ತೆಗೆದಿಡುತ್ತಿರಲಿಲ್ಲ.

ಕಾಪುವಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಡ್ರಾಯಿಂಗ್ ಟೀಚರಾಗಿ ನಿವೃತ್ತರಾದ ಮೇಲೆ ಶಾಲೆಗಳ ವಸ್ತುಪ್ರದರ್ಶನಕ್ಕೆ ರಟ್ಟಿನ ಮಾದರಿಗಳನ್ನು ಮಾಡಿಕೊಡುತ್ತಿದ್ದರು. ನಮ್ಮೊಡನೆ ತುಳುವಿನಲ್ಲಿ ಶುರುವಾದ ಮಾತು ಅಳತೆಯ ವಿಷಯ ಬಂದ ಕೂಡಲೇ ಕನ್ನಡಕ್ಕೆ ಹೊರಳುತ್ತಿತ್ತು. ಅದು ತರಗತಿಯ ಅಭ್ಯಾಸ. ಆಗ ಎದುರಿಗಿದ್ದವರೆಲ್ಲ, ಅಂಚೆಯವನೂ ಸೇರಿ, ಅವರ ವಿದ್ಯಾರ್ಥಿಗಳೇ.

ನನ್ನ ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮಾತು ಕಲಿತಾಗಿನಿಂದ ಅವಳದು ಒಂದೇ ಪ್ರಶ್ನೆ: ಅದು ಎಷ್ಟು ದೊಡ್ಡದು? ತೆಂಗಿನಮರ ಎಷ್ಟು, ಬಸ್ಸು ಎಷ್ಟು, ಕಾರ್ಕಳದ ಗೊಮ್ಮಟ ಎಷ್ಟು? ನಾನು ಕೈ ಅಗಲಿಸಿ "ಇಷ್ಟು" ಎನ್ನುತ್ತಿದ್ದೆ. ಕಾಣದವಳಿಗೆ ಕೈ ಅಗಲಿಸಿ ತೋರಿಸುವ ಜಾಣೆ ನಾನು! ಟೀಚರ್ ಮಾತ್ರ ಕೂಡಲೇ ಕತ್ತರಿ ಹಿಡಿದು ನಮ್ಮ ಮನೆಯ ಮಾದರಿಯೊಂದನ್ನು ಮಾಡಿಕೊಟ್ಟರು. ಐವತ್ತಕ್ಕೆ ಒಂದು, ಅಂದರೆ ನಿಜದ ಐವತ್ತು ಅಡಿ ರಟ್ಟಿನಲ್ಲಿ ಒಂದು ಅಡಿ. ಜೊತೆಗೆ ಯಾವುದೋ ಪ್ರದರ್ಶನಕ್ಕೆ ಮಾಡಿದ್ದ ನಮ್ಮೂರಿನ ಕಡಲತೀರದ ದೀಪಸ್ತಂಭದ, ಅಂದರೆ ಲೈಟ್‌ಹೌಸಿನ, ಮಾದರಿಯನ್ನೂ ಅವಳ ಕೈಗಿಟ್ಟರು.

ಆ ದೀಪಸ್ತಂಭ ನೂರಕ್ಕೆ ಒಂದರದ್ದು. ಅದು ಯಾರಿಗೂ ಹೊಳೆಯಲಿಲ್ಲ.

ಮಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಸವರಿ ತನ್ನದೇ ಲೆಕ್ಕ ಹಾಕಿದಳು. ಶಾಲೆಗೆ ಹೋಗಿ, ಲೈಟ್‌ಹೌಸ್ ಅಂಥ ದೊಡ್ಡದೇನಲ್ಲ, ನಮ್ಮ ಮನೆಯ ಮೇಲೆ ಇನ್ನೆರಡು ಮನೆ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಎಂದಳಂತೆ. ದಿನಾ ಅದರ ಬುಡದಲ್ಲಿ ಆಡುವ ಮಕ್ಕಳು ಬಿದ್ದು ಬಿದ್ದು ನಕ್ಕರು. ಮನೆಗೆ ಬಂದವಳು ಮಾದರಿಗಳನ್ನು ಮಂಚದ ಕೆಳಗೆ ತಳ್ಳಿದಳು. ಆಮೇಲೆ ಏನನ್ನೂ ಕೇಳುವುದನ್ನೇ ಬಿಟ್ಟಳು. ಅವಳ ಪ್ರಶ್ನೆಗಳಿಂದ ಸುಸ್ತಾಗುತ್ತಿದ್ದ ನಾನೇ ಪಕ್ಕದ ಮನೆಗೆ ಹೋಗಿ ಟೀಚರನ್ನು ಕರೆದೆ.

ಟೀಚರ್ ಬಂದು ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು.

"ಎಂತಾಯಿತು ಮಗಾ?"

"ಮುಟ್ಟಿ ನೋಡಿದ್ದೂ ಸುಳ್ಳಾದರೆ ನಾನು ಯಾವುದನ್ನು ನಂಬುವುದು ಟೀಚರ್?"

ಟೀಚರ ಮುಖ ಸಣ್ಣಗಾಯಿತು. "ತಪ್ಪು ನಿನ್ನದಲ್ಲ, ನನ್ನದು. ಕಾಣುವವರಿಗೆ ಮಾದರಿಯ ಕೆಳಗೆ ನೂರಕ್ಕೊಂದು, ಐವತ್ತಕ್ಕೊಂದು ಅಂತ ಸ್ಕೇಲು ಬರೆದರೆ ಸಾಕಾಗುತ್ತದೆ. ನಿನಗೆ ಎಲ್ಲವೂ ಒಂದೇ ಸ್ಕೇಲಿನಲ್ಲಿ ಬೇಕು. ಇಷ್ಟು ವರ್ಷ ಕಲಿಸಿದವಳಿಗೆ ಅಷ್ಟು ಬುದ್ಧಿ ಬೇಡವಾ?"

ನೂರಕ್ಕೊಂದನ್ನು ಐವತ್ತಕ್ಕೊಂದು ಮಾಡುವುದೆಂದರೆ ಎರಡು ಪಟ್ಟು ತಾನೇ? ಹಳೆಯದರ ಮೇಲೆ ಅಷ್ಟೇ ಎತ್ತರದ ರಟ್ಟು ಅಂಟಿಸಿದರಾಯಿತಲ್ಲ ಎಂದೆ. ಟೀಚರ್ ನನ್ನನ್ನು ಕೊನೆಯ ಬೆಂಚಿನವಳಂತೆ ನೋಡಿದರು. "ಎತ್ತರ ಮಾತ್ರ ಹೆಚ್ಚು ಮಾಡಿದರೆ ಅದು ಲೈಟ್‌ಹೌಸ್ ಅಲ್ಲ, ಕರೆಂಟು ಕಂಬ ಮಾರಾಯ್ತಿ! ದಪ್ಪ, ಬಾಗಿಲು, ಮೆಟ್ಟಿಲು ಎಲ್ಲ ಎರಡು ಪಟ್ಟಾಗಬೇಕು."

ಹಳೆಯದನ್ನು ಬದಿಗಿಟ್ಟು ಹೊಸದಾಗಿಯೇ ಮಾಡಿದರು. ಕೊನೆಗೆ ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎತ್ತರ ಅಳೆದು, ಐವತ್ತರಿಂದ ಭಾಗಿಸಿ, ಮಣ್ಣಿನಲ್ಲಿ ಬೆರಳ ಗೆಣ್ಣಿನಷ್ಟು ದೊಡ್ಡ ಗೊಂಬೆಯೊಂದನ್ನು ಮಾಡಿ ರಟ್ಟಿನ ಮನೆಯ ಬಾಗಿಲಲ್ಲಿ ಇಟ್ಟರು. "ಇದು ನೀನು. ಇಲ್ಲಿಂದ ಶುರು ಮಾಡು."

ಮಗಳು ಮೊದಲು ತನ್ನನ್ನು ಮುಟ್ಟಿಕೊಂಡಳು. ಆಮೇಲೆ ಬಾಗಿಲು, ಮೇಲಿನ ಹೆಂಚಿನ ಮಾಡು. ಅಲ್ಲಿಂದ ಕೈ ದೀಪಸ್ತಂಭಕ್ಕೆ ದಾಟಿತು. ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ಕೂತಿದ್ದವಳು ಎದ್ದು ನಿಂತಳು.

"ಅಯ್ಯೋ ದೇವರೇ! ಇಷ್ಟು ಮೇಲೆ ಹತ್ತಿ ಲೈಟು ಹಾಕುವುದು ಯಾರು ಟೀಚರ್?"

ಪ್ರಶ್ನೆ ವಾಪಸು ಬಂದಿತ್ತು. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆಮೇಲೆ ನಮ್ಮ ಚಾವಡಿಯಲ್ಲಿ ಐವತ್ತಕ್ಕೊಂದರ ಊರೇ ಎದ್ದಿತು. ಬಸ್ಸು, ತೆಂಗಿನಮರ, ಹೆಜಮಾಡಿಯ ಮೀನಿನ ದೋಣಿ, ಗೊಮ್ಮಟ. ನಂದಿಕೂರಿನ ವಿದ್ಯುತ್ ಸ್ಥಾವರದ ಹೊಗೆ ಚಿಮಣಿ ಕೇಳಿದಾಗ ಮಾತ್ರ ಟೀಚರ್ ರಟ್ಟು ಕೆಳಗಿಟ್ಟು ಹಗ್ಗ ತಂದರು. ಹಗ್ಗ ಚಾವಡಿ ದಾಟಿ, ಮೆಟ್ಟಿಲು ಇಳಿದು, ಅಂಗಳಕ್ಕೆ ಹೋಯಿತು. ಮಗಳು ಅದನ್ನು ಹಿಡಿದು ನಡೆಯುತ್ತಾ "ಇನ್ನೂ ಉಂಟಾ? ಇನ್ನೂ ಉಂಟಾ?" ಎಂದು ಕೂಗುತ್ತಿದ್ದರೆ, ಅಂಗಳದ ಆ ಕೊನೆಯಲ್ಲಿ ನಿಂತ ಟೀಚರ್ "ಬಾ, ಉಂಟು!" ಎನ್ನುತ್ತಿದ್ದರು.

ಕಳೆದ ವರ್ಷ ಟೀಚರನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಕಾಯಿಲೆ ಅವರನ್ನು ಅರ್ಧಕ್ಕೆ ಇಳಿಸಿತ್ತು. ಕಾಲೇಜಿಗೆ ಹೋಗುತ್ತಿದ್ದ ಮಗಳನ್ನು ಹಾಸಿಗೆಯ ಹತ್ತಿರ ಕೂರಿಸಿದೆ. ಅವಳು ಅವರ ಭುಜದಿಂದ ಮೊಣಕೈಯವರೆಗೆ ಮೆಲ್ಲಗೆ ಸವರಿದಳು. ಆ ಕೈ ಅಳೆಯುತ್ತಿದೆ ಎಂದು ಟೀಚರಿಗೆ ಗೊತ್ತಾಯಿತು.

"ಎಂತ ಮಗಾ, ಯಾವ ಸ್ಕೇಲಿಗೆ ಬಂದಿದ್ದೇನೆ?"

ಮಗಳ ಕೈ ಕೆಳಗಿಳಿದು ಅವರ ಅಂಗೈಗೆ ಬಂದು ನಿಂತಿತು. ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಮುಟ್ಟಿ ನೋಡಿದಳು. ಅವಳು ಸುಳ್ಳು ಹೇಳುವ ಹುಡುಗಿಯಲ್ಲ, ಅದನ್ನೂ ಟೀಚರೇ ಕಲಿಸಿದ್ದು.

"ಉಳಿದದ್ದೆಲ್ಲ ಸಣ್ಣ ಆಗಿದೆ ಟೀಚರ್. ಕೈ ಮಾತ್ರ ಮೊದಲಿನಷ್ಟೇ ಉಂಟು."

"ಹಾಗಾದರೆ ಸಾಕು" ಎಂದರು ಟೀಚರ್. ಆ ವಾರವೇ ಹೋಗಿಬಿಟ್ಟರು.