ಅಪ್ಪನ ಕೈಗಳ ಸಿನಿಮಾ

ನನ್ನ ಸಿನಿಮಾ ಇನ್ನೂ ಅರ್ಧದಲ್ಲಿದ್ದಾಗ ಅಪ್ಪ ನಮ್ಮ ನಾಲ್ಕೂ ಮಗ್ಗಗಳನ್ನು ಮಾರಿಬಿಟ್ಟರು. ಸಿನಿಮಾ ಎಂದರೆ ದೊಡ್ಡದೇನಲ್ಲ. ಪೀಳಮೇಡಿನ ಒಂದು ಕಾಲೇಜಿನಲ್ಲಿ ಡಿಜಿಟಲ್ ಫಿಲ್ಮ್ ಮೇಕಿಂಗ್ ಓದುತ್ತಿದ್ದ ನಾನು ಕೊನೆಯ ವರ್ಷ ಒಪ್ಪಿಸಬೇಕಾಗಿದ್ದ ಹದಿನೈದು ನಿಮಿಷದ ಸಾಕ್ಷ್ಯಚಿತ್ರ. ವಿಷಯ ನಮ್ಮ ಮನೆಯ ಮಗ್ಗದ ಶೆಡ್ಡು. ಶೆಡ್ಡೇ ಖಾಲಿಯಾದ ಮೇಲೆ ಇನ್ನೇನನ್ನು ಚಿತ್ರೀಕರಿಸುವುದು, ನನ್ನ ತಲೆಯನ್ನೇ ಎಂದು ಮೊದಲು ರೇಗಿತು. ಆಮೇಲೆ ಭಯವಾಯಿತು. ಒಂದು ಮಾತೂ ಕೇಳದೆ ಯಾಕೆ ಮಾರಿದರು? ನಾನು ಈ ಓದಿಗೆ ಸೇರಿದ ಸಿಟ್ಟಿಗೋ? ಮೂರು ವರ್ಷ ಇದರ ಬಗ್ಗೆ ಬಾಯಿಯೇ ಬಿಡದಿದ್ದವರು ಈಗ ಹೀಗೆ ಉತ್ತರ ಕೊಟ್ಟರೋ?

ನಾನು ಏನು ಓದುತ್ತಿದ್ದೇನೆಂದು ಯಾರಾದರೂ ಕೇಳಿದರೆ ಅಪ್ಪ ‘ಕಂಪ್ಯೂಟರು’ ಎನ್ನುತ್ತಿದ್ದರು, ಅಮ್ಮ ‘ಟೀವಿ’ ಎನ್ನುತ್ತಿದ್ದಳು. ಇಬ್ಬರನ್ನೂ ತಿದ್ದುವಷ್ಟು ನನಗೂ ಗೊತ್ತಿರಲಿಲ್ಲ. ಕ್ಯಾಮೆರಾ ಅಲುಗಾಡಿದರೆ ಅಂಕ ಕಳೆಯುತ್ತೇನೆ ಎಂದು ಒಬ್ಬ ಮೇಷ್ಟ್ರು ಹೇಳಿದರೆ, ಮುಂದಿನ ತರಗತಿಗೆ ಬಂದವರು ಅಲುಗಾಡದ ಕ್ಯಾಮೆರಾ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ನಾನು ಎರಡನ್ನೂ ನೋಟ್ಸಿನಲ್ಲಿ ಬರೆದುಕೊಂಡು, ಎರಡಕ್ಕೂ ಅಡಿಗೆರೆ ಹಾಕುತ್ತಿದ್ದೆ. ಜೊತೆಯವರೆಲ್ಲ ಏನೋ ಅರ್ಥವಾದವರ ಮುಖ ಮಾಡಿಕೊಂಡು ಕೂತಿರುತ್ತಿದ್ದರು. ನಾನೂ ಅದೇ ಮುಖ ಮಾಡುವುದನ್ನು ಕಲಿತೆ.

ನಮ್ಮದು ಪಲ್ಲಡಂ ಕಡೆಯ ಊರು, ತಲೆಮಾರುಗಳಿಂದ ನೇಯ್ಗೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ಮನೆಯಲ್ಲಿ ಯಾರಿಗೂ ಬಾರದು. ಈ ಅಕ್ಷರಗಳನ್ನು ನಾನೂ ಕಲಿತದ್ದು ಕಾಲೇಜು ಮುಗಿದ ಮೇಲೆ. ಅಜ್ಜನ ಕಾಲಕ್ಕೆ ಕೈಮಗ್ಗವಿತ್ತಂತೆ. ನಾನು ಕಂಡದ್ದು ಕರೆಂಟಿನ ಮಗ್ಗಗಳನ್ನು. ಮನೆಗೆ ಅಂಟಿಕೊಂಡೇ ಇದ್ದ ಶೆಡ್ಡಿನಲ್ಲಿ ನಾಲ್ಕೂ ಒಟ್ಟಿಗೆ ಓಡಿದರೆ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ನಡುಗುತ್ತಿದ್ದವು.

ಆ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲ. ಶೆಡ್ಡಿನೊಳಗೆ ಯಾರೂ ಕೂಗುವುದಿಲ್ಲ. ದನಿಯೇ ಇಲ್ಲದೆ ತುಟಿ ಆಡಿಸುತ್ತಾರೆ, ಎದುರಿನವರು ಓದಿಕೊಳ್ಳುತ್ತಾರೆ. ನಮ್ಮ ಕಡೆ ಮಗ್ಗದ ಮನೆಗಳಲ್ಲೆಲ್ಲ ಇದು ಇದ್ದದ್ದೇ. ರಸ್ತೆಯಾಚೆಯ ಶೆಡ್ಡಿನವರು ನಮ್ಮ ಕಿಟಕಿಯೊಳಗಿನ ತಮಿಳನ್ನು ಅಲ್ಲಿಂದಲೇ ಓದಿಬಿಡುತ್ತಿದ್ದರು. ಅದಕ್ಕೇ ಮನೆಯ ಮಾತುಗಳನ್ನು ಅಪ್ಪ ಅಮ್ಮ ಕನ್ನಡದಲ್ಲಿ, ಮಗ್ಗ ಓಡುವಾಗಲೇ ಮಾತಾಡಿ ಮುಗಿಸುತ್ತಿದ್ದರು. ಅತ್ತೆಯ ಮದುವೆ ಕುದುರಿದ್ದು ಹಾಗೆ, ನನ್ನನ್ನು ಕಾಲೇಜಿಗೆ ಕಳಿಸುವುದೆಂದು ತೀರ್ಮಾನವಾದದ್ದೂ ಹಾಗೆಯೇ. ಮಗ್ಗ ನಿಲ್ಲಿಸಿ ಊಟಕ್ಕೆ ಕೂತರೆ ಅಪ್ಪ ಸಾರು ಬೇಕು, ಸಾಕು ಎನ್ನುವುದರ ಮೇಲೆ ಮಾತಾಡಿದವರಲ್ಲ.

ಅಮ್ಮನಂತೂ ಟೀವಿಯ ಸದ್ದು ತೆಗೆದು ಧಾರಾವಾಹಿ ನೋಡುವವಳು. ಬೇರೆ ಭಾಷೆಯಿಂದ ಡಬ್ ಆದದ್ದು ಬಂದರೆ ಅವಳಿಗೆ ತಲೆನೋವು. “ಬಾಯಿ ಒಂದು ಹೇಳ್ತದೆ, ಸದ್ದು ಇನ್ನೊಂದು ಹೇಳ್ತದೆ. ಯಾರ ಮಾತು ನಂಬೋದು?” ಎಂದು ಚಾನೆಲ್ ಬದಲಿಸುತ್ತಿದ್ದಳು.

ನನಗೆ ಮಾತ್ರ ಈ ವಿದ್ಯೆ ಬರಲಿಲ್ಲ. ಹತ್ತಿಯ ಧೂಳು ಮೂಗಿಗೆ ಹೋಗುತ್ತದೆ, ಹುಡುಗಿ ಓದಿಕೊಳ್ಳಲಿ ಎಂದು ಚಿಕ್ಕಂದಿನಿಂದ ನನ್ನನ್ನು ಶೆಡ್ಡಿನ ಹೊರಗೇ ಇಟ್ಟಿದ್ದರು. ಊಟ, ನೀರು, ಕರೆಂಟು, ಬಾ, ಹೋಗು, ಇಷ್ಟು ತಿಳಿಯುತ್ತಿತ್ತು. ಉದ್ದದ ಮಾತು ಬಂದರೆ ತಲೆ ಬುಡ ಗೊತ್ತಾಗುತ್ತಿರಲಿಲ್ಲ. ತಿಳಿಯದೆಂದು ಹೇಳಲು ನಾಚಿಕೆ, ಹಾಗಾಗಿ ಕೋಲೆಬಸವನ ಹಾಗೆ ತಲೆ ಆಡಿಸುತ್ತಿದ್ದೆ. ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಾಗಲೂ ಇದೇ ನಡೆಯಿತು. ವಾರದ ಕೊನೆಗೆ ಮನೆಗೆ ಬಂದು ಸೋಮವಾರ ಬೆಳಿಗ್ಗೆ ಹೊರಡುವಾಗ ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಪ್ಪ ಎರಡು ಮಗ್ಗಗಳ ನಡುವಿನಿಂದ ಏನೋ ಹೇಳುತ್ತಿದ್ದರು. ಹುಷಾರಾಗಿ ಹೋಗು ಎಂದಿರಬೇಕು. ನಾನು ತಲೆ ಆಡಿಸಿ ಸಿಂಗಾನಲ್ಲೂರಿನ ಬಸ್ಸಿಗೆ ಓಡುತ್ತಿದ್ದೆ.

ಮೊದಲ ಸಲ ಚಿತ್ರೀಕರಣಕ್ಕೆ ಇಬ್ಬರು ಸಹಪಾಠಿಗಳನ್ನು ಕರೆದುಕೊಂಡು ಹೋದೆ. ನಮ್ಮಲ್ಲಿ ಮನೆಗೆ ಹೊರಗಿನವರು ಬಂದರೆ ಮಗ್ಗ ನಿಲ್ಲಿಸುವುದು ಮರ್ಯಾದೆ. ಅಪ್ಪ ನಾಲ್ಕನ್ನೂ ನಿಲ್ಲಿಸಿದರು, ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು, ತಹಶೀಲ್ದಾರರ ಎದುರು ನಿಂತವರಂತೆ ತಮಿಳಿನಲ್ಲಿ ಎರಡು ವಾಕ್ಯ ಹೇಳಿ ಮುಗಿಸಿದರು. ಅದನ್ನು ನೋಡಿದ ಮೇಷ್ಟ್ರು, ನಿಮ್ಮ ತಂದೆಗೆ ಮಾತು ಕಡಿಮೆ, ಅವರ ಕೈಗಳನ್ನು ತೆಗೆ, ಕೈಗಳೇ ಮಾತಾಡುತ್ತವೆ ಎಂದರು. ನನಗೆ ಅದು ಬಹಳ ದೊಡ್ಡ ಮಾತಾಗಿ ಕಂಡಿತು.

ಎರಡನೆಯ ಸಲ ಒಬ್ಬಳೇ ಹೋದೆ. ಮಗಳೊಬ್ಬಳೇ ಬಂದದ್ದರಿಂದ ಮಗ್ಗ ಓಡುತ್ತಲೇ ಇತ್ತು. ಇಡೀ ದಿನ ಅಪ್ಪನ ಕೈಗಳನ್ನು ತೆಗೆದೆ. ಕಡಿದ ಎಳೆ ಕಟ್ಟುವ ಬೆರಳು, ಲಾಳಿ ಬದಲಿಸುವ ಬೆರಳು, ಹಿಡಿಕೆಯ ಮೇಲೆ ಕೂತ ಅಂಗೈ. ಮುಖ ಬರುವ ಒಂದೇ ಒಂದು ಶಾಟ್ ತೆಗೆದದ್ದು ಫೋಕಸ್ ಪರೀಕ್ಷೆಗೆ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಸದ್ದಿನ ಮುಳ್ಳು ಕೆಂಪಿಗೆ ಹೋಗುವುದನ್ನು ನೋಡಿ ಹಲ್ಲು ಕಡಿಯುತ್ತಿದ್ದಾಗ ಅಪ್ಪ ನನ್ನ ಕಡೆ ತಿರುಗಿ ಏನೋ ಕೇಳಿದರು. ಚೆನ್ನಾಗಿ ಬರ್ತಿದೆಯಾ ಎಂದಿರಬೇಕೆಂದು ತಲೆ ಆಡಿಸಿದೆ. ಇನ್ನೊಮ್ಮೆ ಕೇಳಿದರು. ಹೆಬ್ಬೆರಳೆತ್ತಿ ತೋರಿಸಿದೆ. ಆ ಹೆಬ್ಬೆರಳು ಚೌಕಟ್ಟಿನೊಳಗೆ ಬಂದು ಶಾಟ್ ಕೆಟ್ಟಿತು. ಆ ಕ್ಲಿಪ್ಪನ್ನು ಬೇಡದವುಗಳ ಜೊತೆ ಎಸೆದೆ.

ಮೂರು ವಾರ ಬಿಟ್ಟು ಊರಿಗೆ ಬಂದೆ. ಬೀದಿಯ ತಿರುವಿನಲ್ಲೇ ಕೇಳಿಸಬೇಕಾಗಿದ್ದ ನಮ್ಮ ಮಗ್ಗದ ಸದ್ದು ಮನೆಯ ಬಾಗಿಲಿಗೆ ಬಂದರೂ ಇರಲಿಲ್ಲ. ಶೆಡ್ಡಿನ ನೆಲದ ಮೇಲೆ ಎಣ್ಣೆ ಕುಡಿದ ನಾಲ್ಕು ಕಪ್ಪು ಗುರುತುಗಳಿದ್ದವು. ಅಮ್ಮ ಅಲ್ಲಿ ಮೆಣಸಿನಕಾಯಿ ಒಣಗಲು ಹರಡಿದ್ದಳು. ಏನಾಯಿತು ಎಂದರೆ “ಕೊಟ್ಬುಟ್ರು. ಅವ್ರನ್ನೇ ಕೇಳು” ಎಂದಳು. ಅಪ್ಪ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ವ್ಯಾನು ಓಡಿಸುವ ಕೆಲಸಕ್ಕೆ ಸೇರಿದ್ದರು. ಸಂಜೆ ಬಂದವರನ್ನು ಕೇಳಿದೆ.

“ಅಪ್ಪಾ, ಯಾಕೆ ಮಾರಿದ್ರಿ?”

“ಅವತ್ತೇ ಮುಗ್ದ ಮಾತಲ್ವಾ ಅಮ್ಮಣಿ ಅದು? ಈಗೇನು ಮತ್ತೆ?” ಎಂದು ಕೈಕಾಲು ತೊಳೆಯಲು ಹೋದರು.

ಅವತ್ತು ಎಂದರೆ ಯಾವತ್ತು? ನಾನು ಕಾಲೇಜಿಗೆ ಸೇರಿದ ದಿನವೇ ಎಲ್ಲ ಮುಗಿಯಿತು ಎಂಬ ಅರ್ಥವೇ? ಇನ್ನೊಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಆದರೆ ನನಗೂ ಅವರದೇ ಹಟ. ಮುಖ ಊದಿಸಿಕೊಂಡು ಬೆಳಗಾಗುತ್ತಲೇ ಬಸ್ಸು ಹತ್ತಿದೆ. ಆ ದಿನ ನಾನು ಶೆಡ್ಡಿನ ಬಾಗಿಲಲ್ಲಿ ನಿಲ್ಲಲೂ ಇಲ್ಲ, ಒಳಗಿನಿಂದ ಏನಾದರೂ ಹೇಳಲು ಅಪ್ಪ ಇರಲೂ ಇಲ್ಲ ಎನ್ನುವುದು ಬಸ್ಸಿನಲ್ಲಿ ಹೊಳೆದು ಅಳು ಬಂತು. ಸಿಟ್ಟಿಗೋ ದುಃಖಕ್ಕೋ, ಅದೂ ಗೊತ್ತಾಗಲಿಲ್ಲ.

ಇದ್ದಷ್ಟರಲ್ಲೇ ಸಿನಿಮಾ ಕಟ್ಟಿದೆ. ಮಗ್ಗದ ಗದ್ದಲವನ್ನೆಲ್ಲ ಅಳಿಸಿ ಕೊಳಲಿನ ಸಂಗೀತ ಹಾಕಿದೆ. ಮೇಷ್ಟ್ರು ಮೆಚ್ಚಿದರು. ಆ ಧೈರ್ಯದ ಮೇಲೆ ಲ್ಯಾಪ್‌ಟಾಪ್ ಹೊತ್ತು ಮನೆಗೆ ಹೋಗಿ, ಅಪ್ಪ ಬರುವ ಮೊದಲು ಅಮ್ಮನನ್ನು ಕೂರಿಸಿ ತೋರಿಸಿದೆ. ಐದು ನಿಮಿಷವಾಗಿರಬೇಕು, ಅಮ್ಮ ಚಡಪಡಿಸತೊಡಗಿದಳು.

“ಏನೂ ಕೇಳ್ಸೋದಿಲ್ವಲ್ಲ.”

ಸದ್ದು ಏರಿಸಿದೆ.

“ಕೊಳಲಿನ ಪಾಟು ಕೇಳ್ತದೆ. ನಿಮ್ಮಪ್ಪ ಏನು ಹೇಳ್ತಾವ್ರೇಂತ ಕೇಳ್ಸೋದಿಲ್ಲ. ಮೊಗ ಎಲ್ಲಿ? ಯಾವ ಹೊತ್ತಿಗೂ ಕೈಯೇ ತೋರಿಸ್ತೀಯ. ಕೈ ಮಾತಾಡ್ತದಾ?”

ಮೂರು ವರ್ಷ ಕಲಿತದ್ದನ್ನೆಲ್ಲ ಅವಳು ಒಂದೇ ಮಾತಿನಲ್ಲಿ ಒರೆಸಿ ಹಾಕಿದಳು. ನನಗೆ ಕೋಪ ಬಂತು. ಮುಖ ತಾನೇ ಬೇಕು, ತಗೋ ಎಂದು ಎಸೆದಿದ್ದ ಆ ಕ್ಲಿಪ್ಪನ್ನು ಹುಡುಕಿ ಹಾಕಿದೆ. ಗದ್ದಲಕ್ಕೆ ಸ್ಪೀಕರು ಗರಗರ ಎಂದಿತು. ಸದ್ದು ಪೂರ್ತಿ ತೆಗೆದುಬಿಟ್ಟೆ. ಅಮ್ಮ ಮುಂದಕ್ಕೆ ಬಾಗಿ, ಅಪ್ಪನ ತುಟಿಯನ್ನೇ ನೋಡುತ್ತ, ಟೀವಿ ನೋಡುವ ಅದೇ ನಿರಾಳದಲ್ಲಿ ಹೇಳುತ್ತ ಹೋದಳು.

“ಅಮ್ಮಣಿ ಅಂತಾವ್ರೆ. ಇನ್ನೊಂದು ಪಾವು ಮಿಕ್ಕೈತೆ ಅಂತಾವ್ರೆ.” ಪಾವು ಎಂದರೆ ಮಗ್ಗಕ್ಕೆ ಏರಿಸುವ ಹಾಸು ನೂಲು. “ಅದು ಮುಗುದ್ರೆ ತರಿ ಎಲ್ಲಾ ಕೊಟ್ಬುಡ್ಲಾ ಅಂತಾವ್ರೆ.” ತರಿ ಎಂದರೆ ಮಗ್ಗ. “ನಿಂಗೆ ಬೇಕೂಂದ್ರೆ ಇಕ್ಕೋತೀನಿ. ಕೊಟ್ಬುಡ್ಲಾ?”

ತೆರೆಯ ಮೇಲೆ ಅಪ್ಪ ನನ್ನನ್ನೇ ನೋಡುತ್ತಿದ್ದರು. ಕೈ ಹಿಡಿಕೆಯ ಮೇಲೆಯೇ ಇತ್ತು. ಅವರ ತುಟಿ ಮತ್ತೆ ಆಡಿತು.

“ನಿಜವಾಗ್ಲೂ ಬೇಡ್ವಾ, ಕೊಟ್ಬುಡೋದೇನಾ ಅಂತ ಇನ್ನೊಂದು ತಪ ಕೇಳ್ತಾವ್ರೆ, ಎರಡ್ನೇ ಸಲ” ಎಂದು ಅಮ್ಮ ನನ್ನ ಕಡೆ ತಿರುಗಿದಳು. “ನೀನೇನಂದೆ?”

ನಾನು ಹೇಳಬೇಕಾಗಲಿಲ್ಲ. ಚೌಕಟ್ಟಿನ ಕೆಳಗಿನಿಂದ ನನ್ನ ಹೆಬ್ಬೆರಳು ಎದ್ದು ನಿಂತಿತು. ಅಪ್ಪ ಅದನ್ನು ನೋಡಿದರು, ತಲೆ ಬಗ್ಗಿಸಿ ಮಗ್ಗದ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿದರು. ಕ್ಲಿಪ್ಪು ಅಲ್ಲಿಗೆ ಮುಗಿಯುತ್ತದೆ.

ಆಮೇಲೆ ಕೊಳಲನ್ನು ಕಿತ್ತೆಸೆದು, ಆ ಹೆಬ್ಬೆರಳಿನ ಸಮೇತ ಆ ಶಾಟನ್ನೇ ಮೊದಲಿಗಿಟ್ಟು ಸಿನಿಮಾ ಮತ್ತೆ ಕಟ್ಟಿದೆ. ಮೇಷ್ಟ್ರಿಗೆ ಹಿಡಿಸಲಿಲ್ಲ, ಪಾಸು ಮಾಡಿದರು. ಅದು ಇರಲಿ. ಅಮ್ಮ ಆ ಕ್ಲಿಪ್ಪನ್ನು ಓದಿ ಹೇಳಿದ ಸಂಜೆಯೇ, ಅಪ್ಪ ವ್ಯಾನು ಬಿಟ್ಟು ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

“ಅಪ್ಪಾ, ಅವತ್ತು ನೀವು ಕೇಳಿದ್ದು ನನಗೆ ಗೊತ್ತಾಗಲಿಲ್ಲ.”

ಅವರು ಚಪ್ಪಲಿ ಬಿಡುತ್ತಿದ್ದವರು ನಿಂತರು. “ತಲೆ ಆಡಿಸ್ದೆಯಲ್ಲ?”

“ಸುಮ್ಮನೆ ಆಡಿಸಿದೆ. ನನಗೆ ಕೇಳಿಸಲೇ ಇಲ್ಲ.”

“ಬಿಡಿಸಿ ಬಿಡಿಸಿ ಹೇಳಿದ್ನಲ್ಲ ಅಮ್ಮಣಿ, ಎರಡು ತಪ” ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗಿಂತ ಅವರೇ ಹೆಚ್ಚು ಗಲಿಬಿಲಿಗೊಂಡಿದ್ದರು. “ನಿಂಗೆ ಅದು ಓದೋಕೆ ಬಾರದಾ?”

“ಬರೋದಿಲ್ಲ ಅಪ್ಪಾ.”

ನಮ್ಮ ಮನೆಯ ಹುಡುಗಿಗೆ ಅದು ಬಾರದೆ ಇರಬಹುದೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ಜಗಲಿಯ ಮೇಲೆ ಕೂತರು. ಎದುರಿಗೆ ಖಾಲಿ ಶೆಡ್ಡು. ಒಂದೊಂದೇ ಮಾತು ಹುಡುಕಿಕೊಂಡು ಕೇಳಿದರು. “ಹಂಗಾದ್ರೆ ಸೋಮವಾರ ಸೋಮವಾರ, ನೀನು ಹೊರಡೋವಾಗ ಹೇಳ್ತಿದ್ನಲ್ಲ, ನಿನ್ನ ಓದು, ನಿನ್ನ ಕ್ಯಾಮೆರಾ, ಎಲ್ಲಾ... ಅದೂ ಕೇಳ್ಸಿಲ್ವಾ?”

ನಾನು ಇಲ್ಲವೆಂದು ತಲೆ ಆಡಿಸಿದೆ. ಆ ಸಲ ಅರ್ಥ ಮಾಡಿಕೊಂಡೇ ಆಡಿಸಿದ್ದು.

“ಏನು ಹೇಳ್ತಿದ್ರಿ ಅಪ್ಪಾ?”

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ಏನೇನೋ. ಈಗೆಲ್ಲಿ ನೆನಪು” ಎಂದು ಎದ್ದು ಒಳಗೆ ಹೋದರು.

ಆ ಸೋಮವಾರಗಳಲ್ಲಿ ನಾನು ಕ್ಯಾಮೆರಾ ಹಿಡಿದಿರಲಿಲ್ಲ.