ಅವ್ವಿಯ ಫ್ಯಾಕ್ಟರಿ ಓಲೆ

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಕುಮಟೆಯ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ನನ್ನ ತಾಯಿ, ಅಂದರೆ ಅವ್ವಿ, ಆಗ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ವಕೀಲರೊಬ್ಬರ ಹೆಂಡತಿ ಅವಳ ಕಾಯಂ ಗಿರಾಕಿ. ಅವರ ಕಿವಿಯಲ್ಲಿ ವಜ್ರದ ಓಲೆ. ಅವರು ಬಂಗಡೆ ಆರಿಸಲು ಬಾಗಿದಾಗೆಲ್ಲ ಅವ್ವಿಯ ಕಣ್ಣು ಓಲೆಯ ಮೇಲೇ ಇರುತ್ತಿತ್ತಂತೆ. ಅದನ್ನು ಮನೆಗೆ ಬಂದು ಅವಳೇ ನಗುತ್ತ ಹೇಳುತ್ತಿದ್ದಳು. ತನಗೂ ಬೇಕು ಎಂದು ಮಾತ್ರ ಒಮ್ಮೆಯೂ ಅಂದವಳಲ್ಲ.

ಮೊದಲ ಸಂಬಳ ಬಂದ ವಾರ ಭಟ್ಕಳದ ಬಸ್ಸು ಹತ್ತಿದೆ. ಅಲ್ಲಿ ದುಬೈ ಸಾಮಾನಿನ ಅಂಗಡಿಗಳಲ್ಲಿ ಸೆಂಟು, ಟೇಪ್‌ರೆಕಾರ್ಡರುಗಳ ಜೊತೆ ‘ಅಮೆರಿಕನ್ ಡೈಮಂಡ್’ ಕೂಡ ಬಂದಿದೆ ಎಂದು ಆಫೀಸಿನಲ್ಲಿ ಕೇಳಿದ್ದೆ. ಅಂಗಡಿಯ ಮುದುಕರು ಏಳು ಹರಳಿನ ಒಂದು ಜೊತೆ ಓಲೆ ತೆಗೆದಿಟ್ಟರು. ಇದು ನೆಲದಿಂದ ಅಗೆದದ್ದಲ್ಲ, ಕಾರ್ಖಾನೆಯಲ್ಲಿ ಮಾಡಿದ ಹರಳು, ಮನೆಯಲ್ಲೂ ಹಾಗೇ ಹೇಳಿ ಕೊಡಿ ಎಂದರು. ಬಿಸಿಲಿಗೆ ಹಿಡಿದೆ. ಅಂಗಡಿಯ ಗೋಡೆಯ ಮೇಲೆಲ್ಲ ಬಣ್ಣದ ಚುಕ್ಕೆಗಳು ಕುಣಿದವು.

ಹಾಗೇ ಹೇಳಿಯೇ ಕೊಟ್ಟೆ. ಅವ್ವಿ ಸೋಪು ಹಚ್ಚಿ ಕೈ ತೊಳೆದು, ಕನ್ನಡಿಯೆದುರು ಕುಳಿತು ಹಾಕಿಕೊಂಡಳು. ಮದುವೆ ಮುಂಜಿಗೆ ಇಟ್ಟುಕೋ ಎಂದರೂ ಕೇಳದೆ ಮರುದಿನ ಮೀನುಪೇಟೆಗೂ ಅದರಲ್ಲೇ ಹೋದಳು.

ತಾಪತ್ರಯ ಶುರುವಾದದ್ದು ಅಲ್ಲಿ. ವಜ್ರ ಹಾಕುವವಳಿಗೆ ಇನ್ನೆರಡು ಬಂಗಡೆ ಹೆಚ್ಚು ಕೊಡಲು ಏನು ಕಷ್ಟ ಎಂದು ಗಿರಾಕಿಗಳು ಚೌಕಾಶಿಗಿಳಿದರು. ಅವ್ವಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: “ಓಲೆ ಫ್ಯಾಕ್ಟರೀದು ಮಾರಾಯ್ತಿ. ಮೀನು ಮಾತ್ರ ಸಮುದ್ರದ್ದೇಯ.”

ಪೇಟೆಯೆಲ್ಲ ನಕ್ಕಿತು. ವಕೀಲರ ಹೆಂಡತಿ ನಗಲಿಲ್ಲ. ಹತ್ತಿರ ಬಂದು ಅವ್ವಿಯ ಕಿವಿಯನ್ನೇ ನೋಡಿ, ತಮ್ಮ ಓಲೆಯ ಕಷ್ಟ ತೋಡಿಕೊಂಡರು. ಬಸ್ಸಿನಲ್ಲಿ ಸೆರಗಿನಿಂದ ಕಿವಿ ಮುಚ್ಚಿ ಕೂರಬೇಕು, ಸ್ನಾನ ಮಾಡುವಾಗ ತಿರುಪು ಮುಟ್ಟಿ ಮುಟ್ಟಿ ನೋಡಬೇಕು, ನಿದ್ದೆಯಲ್ಲೂ ಅದರದೇ ಧ್ಯಾನ. ಕೊನೆಗೆ ದನಿ ತಗ್ಗಿಸಿ, “ನಂಗೂ ಇಂಥದ್ದೇ ಒಂದು ಜೊತೆ ತರ್ಸಿ ಕೊಡ್ತ್ಯೇನೆ?” ಎಂದು ಕೇಳಿದರು.

“ಅದಕ್ಕೆಂತ, ಆತು. ಮಗಳಿಗೆ ಹೇಳ್ತೆ,” ಎಂದಳು ಅವ್ವಿ.

ನಾನು ಮತ್ತೆ ಭಟ್ಕಳಕ್ಕೆ ಹೋಗಿ ತಂದೆ. ವಕೀಲರ ಹೆಂಡತಿ ಅಸಲಿ ಓಲೆಯನ್ನು ಬೀರುವಿನಲ್ಲಿಟ್ಟು, ಹೊಸದನ್ನು ಹಾಕಿಕೊಂಡು ಕುಮಟೆಯ ಮದುವೆಯೊಂದಕ್ಕೆ ಹೋದರು. ವಜ್ರಕ್ಕೆ ಪಾಲಿಶ್ ಮಾಡಿಸಿದ್ದು ಯಾರ ಹತ್ತಿರ ಎಂದು ನೆಂಟರು ಅವರನ್ನು ಕೇಳಿದರಂತೆ. ಅದನ್ನು ಹೇಳಲೆಂದೇ, ತಾವು ಮೀನು ತಿನ್ನದ ಸೋಮವಾರದ ದಿನವೂ ಅವರು ಪೇಟೆಗೆ ಬಂದರು. ಅವ್ವಿ ಬುಟ್ಟಿ ಸರಿಸಿ ಮಣೆ ಕೊಟ್ಟಳು. ನಾನು ಬಸ್ಸಿಳಿದು ಬರುವಾಗ ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.