ಪಂಪಿಗೆ ಸುತ್ತಿದ ಇಡ್ಲಿ ಬಟ್ಟೆ

ಕಾರಿನ ಪೆಟ್ರೋಲ್ ಪಂಪಿನ ಒಳಗಿನ ಡಯಾಫ್ರಮ್ ಎಂಬ ಪೊರೆ ಹರಿದಿರಬಹುದು. ವಾಲ್ವ್ ಅಂಟಿಕೊಂಡಿರಬಹುದು. ಪೈಪಿನಲ್ಲಿ ಕಸ ಕೂತಿರಬಹುದು. ಟ್ಯಾಂಕಿಗೆ ತುಕ್ಕು ಹಿಡಿದು, ಆ ತುಕ್ಕೆಲ್ಲ ಫಿಲ್ಟರಿಗೆ ಬಂದಿರಬಹುದು. ಕಾರ್ಬೊರೇಟರಿನಲ್ಲಿ ತೇಲಬೇಕಾದದ್ದು ಮುಳುಗಿರಬಹುದು. ಪೆಟ್ರೋಲೇ ಕಲಬೆರಕೆಯಾಗಿರಬಹುದು. ಪಂಪನ್ನು ಒತ್ತುವ ಕಡ್ಡಿ ಸವೆದಿರಬಹುದು (ಅಂಥದ್ದೊಂದು ಕಡ್ಡಿ ಇದೆ ಎಂದು ಇತ್ತೀಚೆಗೆ ಗೊತ್ತಾಯಿತು, ಗೊತ್ತಾದ ದಿನದಿಂದ ಅದರ ಚಿಂತೆಯೂ ಶುರುವಾಯಿತು). ಪಕ್ಕದ ಫ್ಲ್ಯಾಟಿನವರ ದೃಷ್ಟಿ ತಾಗಿರಬಹುದು. ನನ್ನ ದೆಸೆ ಕೆಟ್ಟಿರಬಹುದು.

ಇದಿಷ್ಟೂ, ನನ್ನ ಹಳೆಯ ಪದ್ಮಿನಿ ಕಾರು ಅಹಮದಾಬಾದಿನ ಮಣಿನಗರ ಸ್ಟೇಷನ್ ಹತ್ತಿರ ಎರಡು ಸಲ ಕೆಮ್ಮಿ ನಡುರಸ್ತೆಯಲ್ಲಿ ನಿಂತ ಕೂಡಲೇ ನನ್ನ ತಲೆಗೆ ಬಂದ ಕಾರಣಗಳು. ಹಿಂದಿನ ಆಟೋದವನಿಗೆ ಹೊಳೆದದ್ದು ಒಂದೇ ಕಾರಣ: ನಾನು. ಅದನ್ನು ಅವನು ಹಾರ್ನಿನ ಮೂಲಕ ತಿಳಿಸುತ್ತಿದ್ದ.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಲಿಫ್ಟಿನಲ್ಲಿ ಕೆಳಗಿಳಿದವನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅದೇ ಲಿಫ್ಟಿನಲ್ಲಿ ಮೇಲೆ ಹೋಗುತ್ತೇನೆ. ಕೆಳಗೆ ಬಂದ ಮೇಲೆ, ಬೀಗ ಹಾಕಿದೆನೋ ಎಂದು ಮತ್ತೆ ಹೋಗುತ್ತೇನೆ. (ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ವಾಚ್‌ಮನ್ ನಾನು ಲಿಫ್ಟಿನಲ್ಲೇ ವಾಸವಿದ್ದೇನೆ ಎಂದುಕೊಂಡಿದ್ದಾನೆ.) ಈ ಊರಿಗೆ ಬಂದು ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಗುಜರಾತಿ ಮಾತು ‘ಚಿಂತಾ ನಾ ಕರೋ’. ಚಿಂತೆ ಮಾಡಬೇಡಿ. ತರಕಾರಿಯವನೂ ಹೇಳುತ್ತಾನೆ, ಹಲ್ಲಿನ ಡಾಕ್ಟರೂ ಹೇಳುತ್ತಾರೆ. ಡ್ರಿಲ್ ಕೈಯಲ್ಲಿ ಹಿಡಿದುಕೊಂಡು.

ಇಂಥವನು ಹಳೆಯ ಕಾರು ಇಟ್ಟುಕೊಳ್ಳಬಹುದೇ? ಹೆಂಡತಿ ಭಾರತಿಯ ಪ್ರಕಾರ ಇಂಥವನು ಮಾತ್ರ ಇಟ್ಟುಕೊಳ್ಳುತ್ತಾನೆ. “ನಿಮಗೆ ಚಿಂತೆ ಮಾಡೋಕೆ ಒಂದು ನೆಪ ಬೇಕಿತ್ತು. ನಾಲ್ಕು ಚಕ್ರ ಇರೋದನ್ನೇ ತಂದ್ರಿ” ಎನ್ನುತ್ತಾಳೆ.

ಆದರೆ ಒಂದು ಗುಟ್ಟು ಹೇಳುತ್ತೇನೆ. ಆ ಕಾರು ಓಡುವಾಗ ನಾನು ಅದರ ಸದ್ದನ್ನೇ ಕೇಳುತ್ತಾ ಕೂತಿರುತ್ತೇನೆ. ಬಿಪಿ, ಆಫೀಸು, ಮೊಣಕಾಲು, ದೇಶ, ಯಾವುದೂ ನೆನಪಾಗುವುದಿಲ್ಲ. ನೂರು ಚಿಂತೆಯವನಿಗೆ ಒಂದೇ ಚಿಂತೆ ಉಳಿಯುವ ಜಾಗ ಅದು. ಅದಕ್ಕಿಂತ ದೊಡ್ಡ ವಿಶ್ರಾಂತಿ ಯಾವುದಿದೆ?

ಇನ್ನೊಂದು ಬೇಸರವೆಂದರೆ, ಆಯುಧ ಪೂಜೆ ಮುಗಿದು ವಾರವೂ ಆಗಿರಲಿಲ್ಲ. ದಸರಾ ದಿನ ಅಹಮದಾಬಾದೆಲ್ಲ ಫಾಫ್ಡಾ-ಜಲೇಬಿಗೆ ಕ್ಯೂ ನಿಂತರೆ, ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆಯೇ ನಮ್ಮ ಕಡೆಯ ಪದ್ಧತಿ ನಡೆದಿರುತ್ತದೆ. ಭಾರತಿ ಗಂಧ ತೇಯ್ದು, ಕುಂಕುಮ ಕಲಸಿ ಮಿಕ್ಸಿಗೆ, ಈಳಿಗೆಮಣೆಗೆ, ಇಸ್ತ್ರಿಪೆಟ್ಟಿಗೆಗೆ, ವೈಫೈ ಪೆಟ್ಟಿಗೆಗೆ ಎಲ್ಲಕ್ಕೂ ಬೊಟ್ಟಿಟ್ಟಳು. ಕಾರಿಗಂತೂ ಮೈತುಂಬ. ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಬೂದುಗುಂಬಳ. ಇಷ್ಟು ಮರ್ಯಾದೆ ಮಾಡಿಸಿಕೊಂಡ ಕಾರು ವಾರದೊಳಗೆ ಕೈಕೊಟ್ಟರೆ ಏನನ್ನಬೇಕು?

ಪುಣ್ಯಕ್ಕೆ, ಮಣಿನಗರದಲ್ಲಿ ಕಾರು ನಿಂತದ್ದು ಪ್ರಭಾಕರಣ್ಣನ ಹೋಟೆಲಿನ ಎದುರಿಗೇ. ಉಡುಪಿ ಕಡೆಯವರು. ನಾನು ಹೊರಟಿದ್ದೂ ಅಲ್ಲಿಗೇ, ಬನ್ಸ್ ತಿನ್ನಲು. ಅವರು ಕೌಂಟರ್ ಬಿಟ್ಟು ಹೊರಗೆ ಬಂದರು.

“ಎಂತ ಆಯ್ತು ಮಾರಾಯ್ರೆ?”

“ಪಂಪ್ ಇರಬಹುದು. ವಾಲ್ವ್ ಇರಬಹುದು. ತುಕ್ಕು...”

“ಮೊದಲು ಪೆಟ್ರೋಲ್ ಉಂಟಾ ನೋಡುವ.”

ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ಮೂಸಿದರು. “ಉಂಟು, ಉಂಟು.” ಮುಚ್ಚಳ ಹಾಕಿದರು. ಮುಂದೆ ಬಂದು ಬಾನೆಟ್ ಎತ್ತಿಸಿ, ಪಂಪು ಮುಟ್ಟಿ, ಬೆರಳು ಊದಿಕೊಂಡರು.

“ಇದು ಹೀಟ್. ಈ ಊರಿನ ಬಿಸಿಲಿಗೆ ಮನುಷ್ಯರೇ ಆವಿ ಆಗ್ತಾರೆ. ಪೆಟ್ರೋಲ್ ಯಾವ ಲೆಕ್ಕ?”

ಅಡುಗೆಮನೆಯಿಂದ ಒದ್ದೆ ಇಡ್ಲಿ ಬಟ್ಟೆಯೊಂದು ಬಂತು. ಜ್ವರ ಬಂದವರ ಹಣೆಗೆ ಕಟ್ಟುವ ಹಾಗೆ ಅದನ್ನು ಪಂಪಿಗೆ ಸುತ್ತಿದರು. ಕೀ ತಿರುಗಿಸಿದೆ. ಸ್ಟಾರ್ಟ್.

“ನೋಡಿದ್ರಾ?” ಎಂದರು ಪ್ರಭಾಕರಣ್ಣ. “ಬಟ್ಟೆ ನಿಮಗೇ ಇರಲಿ.” (ವಾಪಸ್ ತೆಗೆದುಕೊಂಡಿದ್ದರೆ ನಾನು ಆ ಹೋಟೆಲಿನಲ್ಲಿ ಇಡ್ಲಿ ತಿನ್ನುವುದನ್ನೇ ಬಿಡಬೇಕಾಗುತ್ತಿತ್ತು.)

ಮರುದಿನ ಆಫೀಸಿಗೆ ಹೋಗುವಾಗ ಕಾರು ಇಡ್ಲಿ ಬಟ್ಟೆ ಸುತ್ತಿಕೊಂಡೇ ಮತ್ತೆ ನಿಂತಿತು. ಈ ಸಲ ಮೆಕ್ಯಾನಿಕ್ ರಮಣಿಕ್‌ಭಾಯಿಗೆ ಫೋನ್ ಮಾಡಿದೆ. ಸ್ಕೂಟರಿನಲ್ಲಿ ಬಂದರು. ಅವರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಡ್ಡಿ ಇಳಿಸಿ ಪೆಟ್ರೋಲ್ ನೋಡಿ, ಮುಚ್ಚಿ ಬಂದರು. ಆಮೇಲೆ ಬಾನೆಟ್ ಎತ್ತಿದರು.

“ಯೇ ಕಪ್ಡಾ ಕಿಸ್ನೇ ಬಾಂಧಾ?” ಈ ಬಟ್ಟೆ ಕಟ್ಟಿದ್ದು ಯಾರು ಎಂದರು.

“ಹೋಟೆಲ್‌ವಾಲೇ ನೇ.”

ನೆರೆಮನೆಯವರ ಮಾತ್ರೆ ನುಂಗಿ ಬಂದ ರೋಗಿಯನ್ನು ಡಾಕ್ಟರ್ ನೋಡುವ ಹಾಗೆ ನನ್ನನ್ನು ನೋಡಿದರು. ಪಂಪು ಬಿಚ್ಚಿದರು. ಒಳಗಿನ ಡಯಾಫ್ರಮನ್ನು ಹಪ್ಪಳದಂತೆ ಬಿಸಿಲಿಗೆ ಹಿಡಿದು, ತಲೆ ಅಲ್ಲಾಡಿಸಿ, ಹೊಸದು ಹಾಕಿದರು. ಕೀ ತಿರುಗಿಸಿದೆ. ಸ್ಟಾರ್ಟ್.

“ಚಿಂತಾ ನಾ ಕರೋ, ಸಾಹೇಬ್. ಅಬ್ ಯೇ ಪಂಪ್ ಆಪ್‌ಸೇ ಜ್ಯಾದಾ ಚಲೇಗಾ.”

ಪಂಪು ನನಗಿಂತ ಹೆಚ್ಚು ಬಾಳುತ್ತದಂತೆ. ಪಂಪಿನ ಚಿಂತೆ ಹೋಯಿತು. ನನ್ನ ಚಿಂತೆ ಹತ್ತಿಕೊಂಡಿತು.

ಗುರುವಾರ ಮತ್ತೆ ನಿಂತಿತು. ಈ ಸಲ ನಾವಿಬ್ಬರೂ ಒಂದು ರಿಸೆಪ್ಷನ್‌ಗೆ ಹೊರಟಿದ್ದೆವು. ಭಾರತಿ ರೇಷ್ಮೆ ಸೀರೆಯಲ್ಲಿದ್ದಳು. ರೇಷ್ಮೆ ಸೀರೆಯಲ್ಲಿ ಕಾರು ತಳ್ಳಿದ ಹೆಂಗಸಿನ ಜತೆ ಯಾವ ವಾದವನ್ನೂ ಮಾಡಬಾರದು. ನಾನು ಮಾಡಲಿಲ್ಲ. ಕಾರನ್ನು ರಸ್ತೆ ಬದಿಗೆ ತಳ್ಳಿ ಆಟೋ ಹಿಡಿದೆವು. (ಬೆಳಿಗ್ಗೆ ಹೋಗಿ ಕೀ ತಿರುಗಿಸಿದರೆ, ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ನಾಚಿಕೆಯೂ ಇಲ್ಲದ ಕಾರು.)

“ರೀ, ಆ ಸೂರತ್ತಿನ ಜಿಗ್ನೇಶ್‌ಭಾಯಿಗೆ ಫೋನ್ ಮಾಡಿದ್ದೆ” ಎಂದಳು ಅವಳು ಕಾಫಿ ಕೊಡುತ್ತಾ.

ಜಿಗ್ನೇಶ್‌ಭಾಯಿ ಸೂರತ್ತಿನಲ್ಲಿ ಪಾರ್ಟಿ ಪ್ಲಾಟ್ ನಡೆಸುತ್ತಾರೆ. ಎಂದರೆ ಮದುವೆಗಳಿಗೆ ಬಾಡಿಗೆಗೆ ಕೊಡುವ ಹುಲ್ಲುಹಾಸಿನ ಬಯಲು. ನಮ್ಮ ಕಾರಿನ ಫೋಟೊ ಎಲ್ಲೋ ನೋಡಿ, ಕೊಡಿ ಕೊಡಿ ಎಂದು ಬಹಳ ದಿನದಿಂದ ಪೀಡಿಸುತ್ತಿದ್ದರು.

“ಭಾನುವಾರ ವಡೋದರಾದಲ್ಲಿ ಸಿಗ್ತಾರಂತೆ, ಫತೇಗಂಜ್‌ನಲ್ಲಿ. ನಾವು ಕಾರಲ್ಲೇ ಹೋಗೋಣ. ದಾರೀಲಿ ಒಂದು ಸಲಾನೂ ನಿಲ್ಲದೆ ಹೋದ್ರೆ ನಿಮ್ಮ ಕಾರು ನಿಮಗೆ. ಎಲ್ಲಾದ್ರೂ ನಿಂತ್ರೆ ಕೀ ಅವರಿಗೆ, ನಾವು ಟ್ರೇನಲ್ಲಿ ವಾಪಸ್.”

“ಸಿಗ್ನಲ್‌ನಲ್ಲಿ ನಿಂತ್ರೆ?”

“ಸಿಗ್ನಲ್ ಲೆಕ್ಕಕ್ಕಿಲ್ಲ.”

ಭಾನುವಾರ ಹೊರಟೆವು. ಎಕ್ಸ್‌ಪ್ರೆಸ್‌ವೇ ಬೇಡವೆಂದು ಹಳೆಯ ಹೆದ್ದಾರಿ ಹಿಡಿದೆ. ಪಂಪಿನಲ್ಲಿ ಹೊಸ ಡಯಾಫ್ರಮ್, ಅದರ ಮೇಲೆ ಒದ್ದೆ ಇಡ್ಲಿ ಬಟ್ಟೆ, ಅದರ ಮೇಲೆ ನನ್ನ ಪೂರ್ತಿ ಗಮನ. ನಡಿಯಾದ್ ದಾಟಿತು. ಮನಸ್ಸು ಹಗುರಾಗಿ ಹಾಡು ಗುನುಗಲು ಬಾಯಿ ತೆರೆದೆ. ಕಾರು ಕೆಮ್ಮಿತು. ಎರಡೂ ಕಡೆ ತಂಬಾಕಿನ ಹೊಲ. ಇಂಡಿಕೇಟರ್ ಹಾಕಿ ನಾಜೂಕಾಗಿ ಬದಿಗೆ ತಂದೆ.

“ಟೀ ಕುಡಿಯೋಣ ಅನ್ನಿಸ್ತು. ಅದಕ್ಕೆ ನಿಲ್ಲಿಸಿದೆ.”

“ಅಂಗಡಿ ಎಲ್ಲಿದೆ?”

ಇಳಿದು ಬಾನೆಟ್ ಎತ್ತಿ ಸ್ಪ್ಯಾನರ್ ಹುಡುಕಿದೆ.

ಸ್ಕೂಟರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಲ್ಲಿಸಿದರು. ಇಲ್ಲಿ ಇಂಥವರನ್ನು ಕಾಕಾ ಎನ್ನುತ್ತಾರೆ.

“ಪೆಟ್ರೋಲ್ ಛೇ?” ಇದೆಯಾ ಎಂದು ಕೇಳಿದರೇ ಹೊರತು ನನ್ನ ಉತ್ತರಕ್ಕೆ ಕಾಯಲಿಲ್ಲ. ನೇರವಾಗಿ ಹಿಂದೆ ಹೋಗಿ ಮುಚ್ಚಳ ತಿರುವಿದರು. ಬುಸ್ ಎಂದಿತು. ಮುಚ್ಚಳವನ್ನು ಯಾಕೋ ಕಣ್ಣಿಗೊತ್ತಿಕೊಂಡು ವಾಪಸ್ ಹಾಕಿದರು. (ಪೆಟ್ರೋಲಿನ ಇವತ್ತಿನ ಬೆಲೆಗೆ ಇರಬಹುದು ಎಂದುಕೊಂಡೆ.) ಆಮೇಲೆ ಬಂದು ಸ್ಪ್ಯಾನರಿನಿಂದ ಪಂಪಿನ ತಲೆಗೆ ಎರಡು ಕೊಟ್ಟರು.

“ಪಂಪ್ ಆಳ್ಸು ಛೇ.” ಸೋಮಾರಿ ಪಂಪಂತೆ. “ಮಾರ್‌ನಾ ಪಡ್‌ತಾ ಹೈ.” ಹೊಡೆಯಲೇಬೇಕಂತೆ. “ಚಿಂತಾ ನಾ ಕರೋ.”

ಸ್ಟಾರ್ಟ್.

ಗಮನಿಸಿ. ಪ್ರಭಾಕರಣ್ಣನ ಬಟ್ಟೆಗೂ ಕಾರು ಹೊರಟಿತು, ರಮಣಿಕ್‌ಭಾಯಿಯ ಡಯಾಫ್ರಮಿಗೂ ಹೊರಟಿತು, ಕಾಕಾ ಕೊಟ್ಟ ಏಟಿಗೂ ಹೊರಟಿತು. ಮೂವರೂ ತಮ್ಮ ಮದ್ದೇ ನಾಟಿತು ಎಂದು ಇವತ್ತಿಗೂ ಆಣೆ ಇಡಬಲ್ಲರು. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಜ್ವರ ಬಿಟ್ಟರೆ ಅಮ್ಮನ ಕಷಾಯ, ಡಾಕ್ಟರ ಮಾತ್ರೆ, ಸೋದರತ್ತೆಯ ಹರಕೆ ಮೂರೂ ಕೀರ್ತಿಗೆ ಕೈ ಚಾಚುತ್ತವೆ. ಜ್ವರಕ್ಕೆ ಸಾಕಾಗಿ ಅದೇ ಹೋಯಿತೇನೋ ಎಂದು ಯಾರಾದರೂ ಕೇಳುತ್ತಾರೆಯೇ?

ಅಂತೂ ನಾನು ಪಂದ್ಯ ಸೋತಾಗಿತ್ತು. ಸ್ಟೀರಿಂಗ್ ಸವರುತ್ತಾ ಓಡಿಸುತ್ತಿದ್ದೆ.   ಸ್ವಲ್ಪ ದೂರ ಹೋದ ಮೇಲೆ ಭಾರತಿ ಕೇಳಿದಳು.

“ಪ್ರಭಾಕರಣ್ಣ ಬಟ್ಟೆ ಸುತ್ತೋಕೆ ಮುಂಚೆ ಏನು ಮಾಡಿದ್ರು?”

“ಪೆಟ್ರೋಲ್ ಇದೆಯಾ ನೋಡಿದ್ರು.”

“ರಮಣಿಕ್‌ಭಾಯಿ?”

“ಅವರೂ ನೋಡಿದ್ರು. ಯಾಕೆ?”

“ಸುಮ್ನೆ.”

ವಾಸದ್ ಇನ್ನೂ ದೂರವಿರುವಾಗ ಎರಡನೆಯ ಸಲ ನಿಂತಿತು. ಟೀ ಎನ್ನುವ ಧೈರ್ಯವಾಗಲಿಲ್ಲ. ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದೆ. ಭಾರತಿ ಇಳಿದು ಹಿಂದೆ ಹೋದಳು. ಬುಸ್ ಎಂದದ್ದು ಕೇಳಿಸಿತು, ನಮ್ಮ ಕುಕ್ಕರಿನ ಹಾಗೆ. ಸ್ವಲ್ಪ ಹೊತ್ತು ಅಲ್ಲೇ ಏನೋ ಮಾಡಿ ಬಂದು ಕೂತಳು.

“ಸ್ಟಾರ್ಟ್ ಮಾಡಿ.”

“ಇರು, ಇನ್ನೂ ಪಂಪಿಗೆ ಹೊಡೆದಿಲ್ಲ.”

“ಅದಕ್ಕೆ ಯಾಕ್ರೀ ಹೊಡೀತೀರಾ? ಬನ್ನಿ.”

ಸ್ಟಾರ್ಟ್. ಅಲ್ಲಿಂದ ಫತೇಗಂಜ್‌ವರೆಗೆ ಒಂದು ಕೆಮ್ಮೂ ಇಲ್ಲ.

ಜಿಗ್ನೇಶ್‌ಭಾಯಿ ತಿಂಡಿ ಅಂಗಡಿಯೊಂದರ ಮುಂದೆ ಕಾಯುತ್ತಿದ್ದರು. ಕಾರನ್ನು ಮೂರು ಸುತ್ತು ಬಂದರು. ಟೀ ತರಿಸಿ ಯೋಜನೆ ವಿವರಿಸಿದರು. ಮೇಲ್ಛಾವಣಿ ಕತ್ತರಿಸುವುದು. ಬಾನೆಟ್ಟಿನೊಳಗೆ ಗುಲಾಬಿ ತುಂಬುವುದು. ಮದುಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವುದು. ಹುಲ್ಲುಹಾಸಿನ ಮೇಲೆ ಕಾಯಂ ಸೆಲ್ಫಿ ಪಾಯಿಂಟ್.

“ಔರ್ ಎಂಜಿನ್?” ಎಂದಳು ಭಾರತಿ.

“ನಿಕಾಲ್ ದೇಂಗೇ. ಉಸ್ಕಾ ಕ್ಯಾ ಕಾಮ್, ಭಾಭಿ?” ಅದನ್ನು ಕಿತ್ತುಹಾಕುತ್ತಾರಂತೆ. ಹಾಗೆಂದವರು, ಸುಮ್ಮನೆ ಮಾತಿಗೆಂಬಂತೆ, “ರಸ್ತೇ ಮೇಂ ಕಹೀಂ ರುಕೀ ತೋ ನಹೀಂ?” ಎಂದು ಸೇರಿಸಿದರು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ ತಾನೇ ಎಂದು.

ನಾನು ಟೀ ಲೋಟದೊಳಗೆ ನೋಡುತ್ತಾ ಕೂತೆ. ನನ್ನ ಕಾರಿನ ಆಯುಷ್ಯ ಈಗ ಹೆಂಡತಿಯ ನಾಲಿಗೆಯ ಮೇಲಿತ್ತು.

“ಏಕ್ ಬಾರ್ ಭೀ ನಹೀಂ” ಎಂದಳು. “ಔರ್ ಹಮ್ ಬೇಚ್ ನಹೀಂ ರಹೇ, ಭಾಯಿ. ಬಸ್, ದಿಖಾನೇ ಲಾಯೇ ಥೇ.” ಒಂದು ಸಲವೂ ನಿಂತಿಲ್ಲವಂತೆ, ನಾವು ಮಾರುವುದಿಲ್ಲವಂತೆ, ಬರೀ ತೋರಿಸಲು ತಂದದ್ದಂತೆ.

ಟೀ ನನ್ನ ನೆತ್ತಿಗೆ ಹತ್ತಿತು. ಜಿಗ್ನೇಶ್‌ಭಾಯಿ ಬೆನ್ನು ತಟ್ಟಿ, ಚಿಂತಾ ನಾ ಕರೋ ಎಂದರು. ಪಾಪ, ಚಿಂತೆ ಈಗ ಅವರದಾಗಿತ್ತು.

ವಾಪಸ್ ಬರುವಾಗ ವಾಸದ್ ದಾಟಿದೆವು. ಆಮೇಲೆ ತಡೆಯಲಾಗಲಿಲ್ಲ.

“ಎರಡು ಸಲ ನಿಂತಿತ್ತಲ್ಲ?”

“ಅದರ ತಪ್ಪಲ್ಲ ಬಿಡಿ” ಎಂದು ತಲೆಯಿಂದ ಹೇರ್‌ಪಿನ್ ತೆಗೆದು ತೋರಿಸಿದಳು. ತುದಿ ಕೆಂಪಗಿತ್ತು.

ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ದೊಡ್ಡದೊಂದು ತೂತಿದೆ. ಪೆಟ್ರೋಲ್ ಖಾಲಿಯಾದ ಹಾಗೆಲ್ಲ ಅದರಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಎಂಥ ಪಂಪೂ ಸ್ವಲ್ಪ ದೂರ ಎಳೆದು ಸೋಲುತ್ತದೆ. ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಮತ್ತೆ ಸರಿಹೋಗುತ್ತದೆ, ಮುಂದಿನ ಸಲ ನಿಲ್ಲುವವರೆಗೆ. ಆ ತೂತಿನ ಮೇಲೆ ಸರಿಯಾಗಿ ಒಂದು ಬೊಟ್ಟು ಒಣಗಿ ಕೂತಿತ್ತು. ಕಾರಿಗೆ ಅದೇ ಬಾಯಿ ತಾನೇ, ಉಣ್ಣುವ ಬಾಯಿಗೆ ಬೊಟ್ಟಿಡದಿದ್ದರೆ ಹೇಗೆ ಎಂದು ಆಯುಧ ಪೂಜೆಯ ದಿನ ಇಟ್ಟದ್ದು. ಮುಚ್ಚಳ ತೆಗೆದವರೆಲ್ಲ ಅದನ್ನು ನೋಡಿದ್ದರು. ದೇವರ ಬೊಟ್ಟು, ಒರೆಸುವವರು ಯಾರು? ಕಾಕಾ ಕಣ್ಣಿಗೊತ್ತಿಕೊಂಡದ್ದು ಅದನ್ನೇ.

“ಪಾಪ” ಎಂದಳು ಭಾರತಿ, ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟು. “ಉಸಿರು ಕಟ್ಟಿಸಿದ್ದು ನಾವು, ಬೈಸಿಕೊಂಡಿದ್ದು ಇದು.”

ನಾವು ಎಂದದ್ದನ್ನು ನಾನು ಗಮನಿಸಿದೆ. 

ಇದನ್ನು ಈ ವಾರದ ಅಂಕಣಕ್ಕೆ ಬರೆಯಲೇ ಎಂದು ಮನೆಗೆ ಬಂದು ಕೇಳಿದೆ. ಅವಳು ಹೇರ್‌ಪಿನ್ ತೊಳೆಯುತ್ತಿದ್ದಳು. “ಧಾರಾಳವಾಗಿ ಬರೀರಿ. ಆ ಬೊಟ್ಟು ಇಟ್ಟಿದ್ದು ಯಾರು ಅನ್ನೋದನ್ನ ಮಾತ್ರ ಯೋಚನೆ ಮಾಡಿ ಬರೀರಿ” ಎಂದಳು.

ಯೋಚನೆ ಮಾಡಿದೆ. ಆ ಬೊಟ್ಟು ಇಟ್ಟವನು ನಾನೇ.